ಶೂ ನೋಡಿ ಕಾಲು ಅಳೆಯುವವರು

ನಮ್ಮ ಸೀಮೆಯಲ್ಲಿ ಆಟ ಶುರುವಾಗುವ ಮೊದಲೇ ತೀರ್ಪು ಆಗಿಹೋಗಿರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗಾದರೂ ಬೇಸಿಗೆಯ ಭಾನುವಾರ ಹೋಗಿ ನೋಡಿ. ಹೊಗೆಸೊಪ್ಪು, ರಾಗಿ ಎರಡೂ ಮುಗಿದು ಬರಿದಾದ ಹೊಲದಲ್ಲೋ, ಕೊಯ್ಲಾದ ಗದ್ದೆ ಬಯಲಲ್ಲೋ, ಒಣಗಿದ ಕೆರೆಯಂಗಳದಲ್ಲೋ ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತಿರುತ್ತದೆ. ಒಂದು ಶಾಮಿಯಾನ, ಒಂದು ಮೈಕು, ಮೇಜಿನ ಮೇಲೆ ಸಾಲಾಗಿ ಕಪ್ಪುಗಳು. ಒಂದು ತಂಡ ಗೂಡ್ಸ್ ಆಟೋದಲ್ಲಿ ಬಂದಿಳಿಯುತ್ತದೆ. ಒಂದೇ ಬಣ್ಣದ ಜರ್ಸಿ, ಬೆನ್ನ ಮೇಲೆ ಹೆಸರು, ನಂಬರು, ಕಾಲಿಗೆ ಶೂ, ಹೆಗಲಿಗೆ ಉದ್ದನೆಯ ಕಿಟ್ ಬ್ಯಾಗು. ಇನ್ನೊಂದು ತಂಡ ಕೇರಿಯಿಂದ ನಡೆದುಕೊಂಡು ಬರುತ್ತದೆ. ಹನ್ನೊಂದು ಜನಕ್ಕೆ ಒಂದೇ ಬ್ಯಾಟು. ಅದರ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ. ಕಾಲಲ್ಲಿ ಹವಾಯಿ ಚಪ್ಪಲಿ. ಅದನ್ನೂ ಬೌಂಡರಿ ಗೆರೆಯ ಆಚೆ ಬಿಟ್ಟು ಒಳಗೆ ಬರುತ್ತಾರೆ.

ಮೈಕು ಹಿಡಿದವನು ಆಗಲೇ ಹೇಳಿರುತ್ತಾನೆ: ‘ಬಂದವ್ರೆ ನೋಡಿ, ಈ ಸಲದ ಕಪ್ಪು ಹೊಡಿಯೋ ಟೀಮು!’ ಯಾರನ್ನು ಕುರಿತು ಹೇಳಿದ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚೆಂಡೂ ಬಿದ್ದಿಲ್ಲ. ಯಾರ ಭುಜ ಎಷ್ಟು ಗಟ್ಟಿ, ಯಾರ ಕಣ್ಣು ಎಷ್ಟು ಚುರುಕು ಅಂತ ಯಾರೂ ನೋಡಿಲ್ಲ. ನೋಡಿದ್ದು ಬ್ಯಾಗನ್ನ, ಶೂನ.

ಶೂ ಏನು ಹೇಳುತ್ತದೆ? ಆ ಹುಡುಗನ ಅಪ್ಪನಿಗೆ ಎಷ್ಟು ಎಕರೆ ಇದೆ ಅಂತ ಹೇಳುತ್ತದೆ. ಮನೆಯಲ್ಲಿ ಸಂಬಳದವರು ಇದ್ದಾರೋ ಇಲ್ಲವೋ ಅಂತ ಹೇಳುತ್ತದೆ. ಅದರೊಳಗಿನ ಕಾಲು ಎಷ್ಟು ಓಡುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಹೊಗೆಸೊಪ್ಪಿನ ಬ್ಯಾರನ್ ಒಳಗೆ ಅಡ್ಡಗಳ ಮೇಲೆ ಬರಿಗಾಲಲ್ಲಿ ಹತ್ತಿ ನಿಂತು, ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಕೆಳಗಿನಿಂದ ತೆಗೆದುಕೊಂಡು ಮೇಲಿನವನಿಗೆ ದಾಟಿಸುವ ಹುಡುಗನ ತೂಕದ ಹಿಡಿತ ಯಾವ ಕಿಟ್ ಬ್ಯಾಗಿನಲ್ಲೂ ಇರುವುದಿಲ್ಲ. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನಿಗಾಗಿ ಮರ ಹತ್ತುವವರ ಕಾಲ್ಬೆರಳು ಏನು ಮಾಡಬಲ್ಲವು ಅಂತ ಕಂಡವರಿಗೆ ಗೊತ್ತು. ಆದರೆ ಮೈದಾನದಲ್ಲಿ ಇವು ಲೆಕ್ಕಕ್ಕೆ ಬರುವುದಿಲ್ಲ. ಅವು ಕೂಲಿಯ ಲೆಕ್ಕಕ್ಕೆ ಸೇರಿದವು.

ಕಾಲನ್ನು ಬಿಟ್ಟು ಕಾಲಿಗೆ ಹಾಕಿದ್ದನ್ನು ನೋಡುವುದು ನಮಗೆ ಹೊಸದಲ್ಲ. ನಮ್ಮ ತಾತ ಎಕ್ಕಡ ಮೆಟ್ಟಿಕೊಂಡು ಊರ ಬೀದಿಗೆ ಕಾಲಿಡುವಂತಿರಲಿಲ್ಲ. ಹಟ್ಟಿಯಿಂದ ಹೊರಟು ಊರ ಮುಂದಿನ ಮರ ಬಂದೊಡನೆ ಎಕ್ಕಡ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳೋನಂತೆ. ಬೀದಿ ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳೋನಂತೆ. ‘ನಾವೇ ಹೊಲ್ದು ಕೊಟ್ಟ ಎಕ್ಕಡ ಕಣ್ಲಾ ಮಗ, ಅವ್ರ ಕಾಲಲ್ಲಿ ಇದ್ರೆ ಅಂದ, ನಮ್ ಕಾಲಲ್ಲಿ ಇದ್ರೆ ಗಂಚಲಿ’ ಅಂತಿದ್ದ. ತಾತನ ಕಾಲಕ್ಕೆ ಮೆಟ್ಟಿದ್ದು ತಪ್ಪಾಯಿತು. ಮೊಮ್ಮಗನ ಕಾಲಕ್ಕೆ ಮೆಟ್ಟದಿರುವುದು ತಪ್ಪಾಯಿತು. ಎರಡು ಕಾಲದಲ್ಲೂ ತಪ್ಪು ಯಾವ ಕಾಲಿನದ್ದಾಯಿತು ಅಂತ ನೋಡಿ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕ್ರೀಡಾಕೂಟಕ್ಕೆ ಆಯ್ಕೆ ನಡೆಯಿತು. ಮೈದಾನಕ್ಕೆ ಬಂದ ಮೇಷ್ಟ್ರು ಹೇಳಿದ ಮೊದಲ ಮಾತು: ‘ಶೂ ಇರೋರು ಈ ಕಡೆ, ಇಲ್ದವ್ರು ಆ ಕಡೆ.’ ನಾವು ಆ ಕಡೆಯವರು. ನಮ್ಮ ಜೊತೆ ಹಾಡಿಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಒಬ್ಬ ಹುಡುಗನಿದ್ದ. ಶೂ ಇದ್ದವರ 1500 ಮೀಟರ್ ಓಟ ಶುರುವಾದಾಗ ಅವನೂ ಸುಣ್ಣದ ಗೆರೆಯ ಹೊರಗೆ ಸುಮ್ಮನೆ ಓಡತೊಡಗಿದ. ಹೊರಗಿನ ಸುತ್ತು ಅಂದರೆ ಉದ್ದದ ಸುತ್ತು. ಆದರೂ ಎಲ್ಲರಿಗಿಂತ ಮೊದಲು ಬಂದು, ಏದುಸಿರೂ ಬಿಡದೆ, ನಗುತ್ತಾ ನಿಂತ. ನಾವೆಲ್ಲ ಕೂಗಿದೆವು. ಮೇಷ್ಟ್ರು ಹೇಳಿದ್ದು ಇಷ್ಟು: ‘ಅವನ್ನ ಹಿಂಗೇ ಮೈಸೂರಿಗೆ ಕರ್ಕೊಂಡೋದ್ರೆ ಸ್ಕೂಲಿನ ಮರ್ಯಾದೆ ಏನಾಗ್ಬೇಕು?’ ಅವರ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ಅದನ್ನು ಅವರು ನೋಡಲೇ ಇಲ್ಲ. ಆ ಹುಡುಗ ಮುಂದಿನ ವರ್ಷ ಸ್ಕೂಲು ಬಿಟ್ಟ. ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದ ಅಂತ ಕೇಳಿದೆ.

ಗೆಳೆಯರೇ, ಇದು ನಮ್ಮ ನಾಲ್ಕು ತಾಲ್ಲೂಕಿನ ಕತೆ ಮಾತ್ರ ಅಂದುಕೊಳ್ಳಬೇಡಿ. ಈ ದೇಶದ ಕ್ರಿಕೆಟ್ಟಿನ ಮೊದಲ ದೊಡ್ಡ ಬೌಲರು ನಮ್ಮ ಧಾರವಾಡದಲ್ಲಿ ಹುಟ್ಟಿದವರು. 1870ರ ದಶಕದಲ್ಲಿ ಹುಟ್ಟಿದ ಪಲ್ವಣಕರ್ ಬಾಳೂ, ಚಮ್ಮಾರ ಕುಲದವರು. ತಂದೆ ಬ್ರಿಟಿಷ್ ಸೇನೆಯ ಕೆಲಸದಲ್ಲಿದ್ದುದರಿಂದ ಮನೆ ಪುಣೆಗೆ ಹೋಯಿತು. ಅಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತದ್ದು ಬಿಳಿಯ ಅಧಿಕಾರಿಗಳು ಬಿಸಾಡಿದ ಬ್ಯಾಟು, ಚೆಂಡುಗಳಲ್ಲಿ. ಬಾಳೂಗೆ ಸಿಕ್ಕ ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸುವುದು, ಉರುಳೆ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಯೂರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಬಲೆ ಕಟ್ಟಿದ ಮೇಲೆ ಸಾಹೇಬರಿಗೆ ಚೆಂಡು ಎಸೆಯುವುದೂ ಅವರ ಕೆಲಸವಾಯಿತು. ಗಂಟೆಗಟ್ಟಲೆ ಎಸೆದರು. ಎಡಗೈ ಸ್ಪಿನ್ ಕಲಿತದ್ದೇ ಹಾಗೆ. ಆದರೆ ಅಲ್ಲಿ ಅವರ ಕೈಗೆ ಯಾರೂ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊರೆಗಳ ಆಟ, ಚೆಂಡು ಎಸೆಯುವುದು ಆಳಿನ ಕೆಲಸ.

ಮುಂದೆ ಪುಣೆಯ ಹಿಂದೂಗಳ ತಂಡಕ್ಕೆ ಗೆಲ್ಲಲು ಬಾಳೂ ಬೇಕಾದರು. ಮೈದಾನದಲ್ಲಿ ಅವರ ಬೆರಳು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಇತಿಹಾಸಕಾರ ರಾಮಚಂದ್ರ ಗುಹಾ 2002ರಲ್ಲಿ ಬಂದ ತಮ್ಮ ಕ್ರಿಕೆಟ್ ಚರಿತ್ರೆಯಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲದ ಮಹಾರಾಜ. ಅವರಿಗಿಂತ ದೊಡ್ಡ ಕಿಟ್ಟು ಯಾರಿಗಿದ್ದೀತು? ಮಹಾರಾಜರು ಆಡಿದ್ದು ಕೆಲವೇ ಪಂದ್ಯ. ಬಾಳೂ ತೆಗೆದದ್ದು 114 ವಿಕೆಟ್. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲನಿಗೆ ಸಿಕ್ಕಿತು, ಆ ವರ್ಷ ತಂಡ ಗೆದ್ದಿತು. ಇದೇ ಬಾಳೂ 1937ರ ಮುಂಬೈ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತರು. ಅದನ್ನು ಮುಚ್ಚಿಡಬೇಕಾಗಿಲ್ಲ. ರಾಜಕೀಯದ ಲೆಕ್ಕ ಬೇರೆ. ಬೆರಳಿನ ಲೆಕ್ಕ ಬೇರೆ.

ಇನ್ನೊಂದು ಮಾತು. ಕ್ರಿಕೆಟ್ ಚೆಂಡು ಅಂದರೆ ಹದ ಮಾಡಿದ ಚರ್ಮ. ಇವತ್ತಿಗೂ ಮೀರತ್, ಜಲಂಧರ್‌ಗಳಲ್ಲಿ ಆ ಚರ್ಮ ಹದ ಮಾಡುವವರಲ್ಲಿ, ಕೂತು ಒಂದೊಂದೇ ಹೊಲಿಗೆ ಹಾಕುವವರಲ್ಲಿ ದಲಿತರು ಅನೇಕರಿದ್ದಾರೆ. ಅಂಗಡಿಯಲ್ಲಿ ಅದಕ್ಕೆ ಬೆಲೆ ಬಂದ ಮೇಲೆ ಅದು ಆಟಗಾರನ ಘನತೆಯ ಗುರುತಾಗುತ್ತದೆ. ಹೊಲಿದವನ ಮಗ ಅದನ್ನು ಹಿಡಿದರೆ ‘ಎಲ್ಲಿಂದ ತಂದ್ಯೋ?’ ಅನ್ನುತ್ತಾರೆ.

ಹಾಗಾದರೆ ಸಲಕರಣೆ ಬೇಡವೇ? ಬರಿಗಾಲೇ ನಮ್ಮ ಹೆಮ್ಮೆಯೇ? ಈ ಮಾತಿಗೆ ನಾನು ಒಪ್ಪುವುದಿಲ್ಲ. ಬರಿಗಾಲಿನ ಮೇಲೆ ಕವನ ಬರೆದು ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ಮುಳ್ಳು ಚುಚ್ಚುವುದು ಓಡುವವನಿಗೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಫುಟ್‌ಬಾಲ್ ತಂಡದ ಹಲವರು ಬರಿಗಾಲಲ್ಲಿ ಆಡಿ ಫ್ರಾನ್ಸಿಗೆ 2–1ರಲ್ಲಿ ಮಾತ್ರ ಸೋತರು. ಲೋಕವೇ ಬೆರಗಾಯಿತು. ನಾಲ್ಕು ವರ್ಷ ಕಳೆದು 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10–1ರಲ್ಲಿ ಬಡಿದು ಹಾಕಿತು. ಆಮೇಲೆಯೇ ಬೂಟು ಕಡ್ಡಾಯವಾದದ್ದು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮಿನ ಕಲ್ಲುಬೀದಿಯಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ ಮತ್ತೆ ಗೆದ್ದ, ಇನ್ನೂ ಮೂರು ನಿಮಿಷ ಬೇಗ. ರೋಮಿನಲ್ಲಿ ಅವನ ಕಾಲು ನೋಡಿ ಯಾರಾದರೂ ‘ಆ ಕಡೆ ನಿಲ್ಲು’ ಅಂದಿದ್ದರೆ ಟೋಕಿಯೋ ಬರುತ್ತಲೇ ಇರಲಿಲ್ಲ. ಶೂ ಬೇಕು. ಅದು ಆಯ್ಕೆಯಾದ ಮೇಲೆ ಕೊಡಬೇಕಾದ ಹಕ್ಕು. ಆಯ್ಕೆಗೆ ಮೊದಲು ಕೇಳುವ ಸುಂಕ ಆಗಬಾರದು.

2015ರ ಹೊತ್ತಿಗೆ ಸರ್ಕಾರ ಶಾಲೆ ಮಕ್ಕಳಿಗೆ ಶೂ, ಸಾಕ್ಸು ಕೊಡಲು ಶುರುಮಾಡಿತು. ಒಳ್ಳೆಯ ಕೆಲಸ. ನನ್ನ ತಂಗಿ ಅದನ್ನು ಒರೆಸಿ ಒರೆಸಿ ಚುಂಚನಕಟ್ಟೆ ಜಾತ್ರೆಗೆ ಅಂತ ಎತ್ತಿಟ್ಟಿದ್ದಳು. ಆದರೆ ನೋಡುವ ಕಣ್ಣು ಬದಲಾಗದಿದ್ದರೆ ಶೂ ಕೊಟ್ಟರೂ ಬಿಡುವುದಿಲ್ಲ. ಈಗ ‘ಶೂ ಇಲ್ದವ್ರು’ ಅನ್ನುವ ಬದಲು ‘ಗೌರ್ಮೆಂಟ್ ಶೂನೋರು’ ಅನ್ನುತ್ತಾರೆ. ಆ ಕಪ್ಪು ಶೂ ಹಾಕಿಕೊಂಡು ಓಡಿದರೆ ಹಿಮ್ಮಡಿ ಸುಲಿಯುತ್ತದೆ. ಬಿಚ್ಚಿ ಓಡಿದರೆ ಶಿಸ್ತಿಲ್ಲ ಅಂತಾರೆ.

ಹಳ್ಳಿ ಶಾಲೆಗಳಲ್ಲಿರುವ ಮೇಷ್ಟ್ರುಗಳೇ, ಮೇಡಮ್ಮುಗಳೇ, ನಿಮ್ಮಲ್ಲಿ ಅನೇಕರು ನಮ್ಮ ಹಾಗೆಯೇ ಮನೆಯಲ್ಲಿ ಮೊದಲು ಓದಿದವರು. ನೀವು ನೋಡಬೇಕಾದ ಸಲಕರಣೆ ಮಕ್ಕಳ ಮೈಮೇಲಿಲ್ಲ, ನಿಮ್ಮ ಕೈಯಲ್ಲಿದೆ. ಸ್ಟಾಪ್‌ವಾಚಿಗೆ ಯಾರ ಅಪ್ಪನ ಎಕರೆಯೂ ಗೊತ್ತಿಲ್ಲ. ಅಳತೆ ಪಟ್ಟಿಗೆ ಕೇರಿ ಯಾವುದು, ಊರು ಯಾವುದು ಗೊತ್ತಿಲ್ಲ. ಆಯ್ಕೆಯ ದಿನ ಎಲ್ಲರ ಶೂ ಬಿಚ್ಚಿಸಿ, ಮುಳ್ಳು ಕಲ್ಲು ಆರಿಸಿದ ನೆಲದಲ್ಲಿ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ. ಓಡಿಸಿ. ಬಂದ ಸಮಯವನ್ನು ಹೆಸರಿನ ಮುಂದೆ ಬರೆಯಿರಿ, ಗೋಡೆಗೆ ಅಂಟಿಸಿ. ಗೆದ್ದವನಿಗೆ ಶೂ ಇಲ್ಲದಿದ್ದರೆ ಊರಿನವರನ್ನು ಕೇಳಿ, ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಇಲಾಖೆಗೆ ಬರೆಯಿರಿ. ನಾಚಿಕೆಪಡಬೇಕಾದವನು ಆ ಹುಡುಗ ಅಲ್ಲ.

ನಮ್ಮ ಕೇರಿಯ ಹುಡುಗರು ಕೂಲಿಯ ದುಡ್ಡಿನಲ್ಲಿ ಚಂದಾ ಹಾಕಿ ಎರಡು ಬ್ಯಾಟು, ಒಂದು ಜೊತೆ ಪ್ಯಾಡು, ಬೇರೆ ಬೇರೆ ಅಳತೆಯ ಆರು ಜೊತೆ ಶೂ ತಂದಿದ್ದಾರೆ. ಅವು ಅಂಬೇಡ್ಕರ್ ಭವನದ ಬೀರುವಿನಲ್ಲಿವೆ. ಯಾರ ಮನೆಯವೂ ಅಲ್ಲ. ತಂಡ ಆರಿಸುವುದು ಶನಿವಾರ ಸಂಜೆ, ಬರಿಗಾಲಲ್ಲಿ, ಹರಿದ ಚೆಂಡಿನಲ್ಲಿ. ಬೀರು ತೆಗೆಯುವುದು ಭಾನುವಾರ ಬೆಳಿಗ್ಗೆ. ಬೀಗದ ಕೈ ಈ ತಿಂಗಳು ಒಬ್ಬ ಹುಡುಗಿಯ ಹತ್ತಿರ ಇದೆ. ಆಕೆ ಲೆಗ್ ಸ್ಪಿನ್ ಹಾಕುತ್ತಾಳೆ. ಚೆನ್ನಾಗಿಯೇ ಹಾಕುತ್ತಾಳೆ.