ನೆನಪಿಗೆ ಬಾರದ ಹತ್ತು ಅಂಕಿ

ಮಂಡ್ಯದ ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವನು ನಾನು. ಹತ್ತೊಂಬತ್ತರ ಮಗ್ಗಿ ಬಾಯಿಗೆ ಬರುವ ತನಕ ಮಕ್ಕಳನ್ನು ಮನೆಗೆ ಬಿಡುತ್ತಿರಲಿಲ್ಲ. ಅಂಥ ನಾನು ಕಳೆದ ದಸರಾ ರಜೆಯಲ್ಲಿ ಮದ್ದೂರು ಬಸ್ ನಿಲ್ದಾಣದಲ್ಲಿ ನಿಂತು, ನನ್ನ ಸ್ವಂತ ಮಗಳ ಫೋನ್ ನಂಬರು ಹೇಳಲಾಗದೆ ಬೆವರಿದೆ.

ಮಗಳನ್ನು ಕೊಟ್ಟಿರುವುದು ಮಳವಳ್ಳಿಗೆ. ಏಳನೇ ತರಗತಿಯ ಮೊಮ್ಮಗಳು ರಜೆಗೆಂದು ಮಂಡ್ಯಕ್ಕೆ ಬಂದಿದ್ದಳು. ಅವಳನ್ನು ವಾಪಸು ಬಿಡಲು ಹೊರಟಾಗ, "ಮದ್ದೂರಿನ ಮೇಲೆ ಹೋಗೋಣ ತಾತ, ವಡೆ ತಿನ್ಬೋದು" ಅಂದಳು. ಸರಿ, ರೈಲು ಹತ್ತಿದೆವು. ದಾರಿಯುದ್ದಕ್ಕೂ ನನ್ನ ಫೋನು ಅವಳ ಕೈಯಲ್ಲೇ. ನಾನೇನು ಸಾಚಾ ಅಲ್ಲ. ಅವಳು ಕೆಳಗಿಟ್ಟಾಗಲೆಲ್ಲ ಎತ್ತಿಕೊಂಡು ವಾಟ್ಸ್‌ಆ್ಯಪ್ ನೋಡುತ್ತಿದ್ದೆ. ವಡೆ ತಿಂದು ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು, ಊರಿನ ಕರೆಂಟು ಹೋಯಿತು, ಫೋನೂ ಸತ್ತಿತು. ಬಂದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಆಗಲೇ ಕತ್ತಲಾಗುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ತನ್ನ ಫೋನು ತೆಗೆದು, "ನಂಬರ್ ಹೇಳಿ ಯಜಮಾನ್ರೇ, ಮಾಡ್ಕೊಡ್ತೀನಿ" ಅಂದಳು.

"ತೊಂಬತ್ತೊಂಬತ್ತು..." ಅಂದೆ. ಅಷ್ಟೇ. ಮುಂದಿನದು ಬರಲಿಲ್ಲ. ಮೊಮ್ಮಗಳ ಮುಖ ನೋಡಿದೆ.

"ಅಮ್ಮ ಅಂತ ಒತ್ತಿದ್ರೆ ಹೋಗುತ್ತಲ್ಲ ತಾತ, ನಂಬರ್ ಯಾರು ನೋಡ್ತಾರೆ?" ಅಂದಳು. ಅವಳ ದನಿ ನಡುಗುತ್ತಿತ್ತು.

ತಮಾಷೆ ನೋಡಿ, ಹದಿನೈದು ವರ್ಷದ ಹಿಂದೆ ತೆಗೆಸಿಹಾಕಿದ ನಮ್ಮ ಮನೆಯ ಹಳೇ ಫೋನಿನ ನಂಬರು ಮಾತ್ರ ಗಡಗಡನೆ ನಾಲಿಗೆಗೆ ಬಂತು!

ರಾತ್ರಿ ಒಂಬತ್ತು ದಾಟಿದ ಮೇಲೆ ಮಳವಳ್ಳಿ ಸೇರಿದೆವು. ಮಗಳು ಮಳೆಯಲ್ಲಿ ತೊಯ್ದು ನಿಲ್ದಾಣದಲ್ಲೇ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಮಗುವನ್ನು ಅಪ್ಪಿಕೊಂಡಳೇ ಹೊರತು ನನ್ನನ್ನು ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನಗೆ ವಯಸ್ಸಾಯಿತು, ಮರೆವು ಅಂದುಕೊಳ್ಳಬಹುದು. ಹನ್ನೆರಡು ವರ್ಷದ ಹುಡುಗಿಗೂ ವಯಸ್ಸಾಯಿತೇ? ಇಬ್ಬರಿಗೂ ಇದ್ದದ್ದು ಒಂದೇ ಕಾಯಿಲೆ. 'ಅದರಲ್ಲಿ ಇದೆಯಲ್ಲ' ಎಂಬ ಧೈರ್ಯ.

ಈ ಧೈರ್ಯವನ್ನು ವಿಜ್ಞಾನಿಗಳೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರ ಪ್ರಯೋಗಗಳು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದವು. ಅವರು ಕೆಲವರಿಂದ ಸಣ್ಣಪುಟ್ಟ ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದರು. ಒಂದು ಗುಂಪಿಗೆ 'ಇದು ಉಳಿದಿರುತ್ತದೆ' ಎಂದರು, ಇನ್ನೊಂದಕ್ಕೆ 'ಅಳಿಸಿಹೋಗುತ್ತದೆ' ಎಂದರು. ಅಳಿಸಿಹೋಗುತ್ತದೆ ಎಂದು ನಂಬಿದವರಿಗೇ ಹೆಚ್ಚು ನೆನಪಿತ್ತು. ಮತ್ತೊಂದು ಪ್ರಯೋಗದಲ್ಲಿ ಜನರಿಗೆ ವಿಷಯಕ್ಕಿಂತ, ಅದನ್ನು ಇಟ್ಟ ಜಾಗವೇ ಚೆನ್ನಾಗಿ ನೆನಪಿತ್ತು. ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಗೊತ್ತು, ಬೀರುವಿನೊಳಗೆ ಏನಿದೆ ಎಂದು ಮರೆತಿದೆ ಎಂಬಂತೆ.

ಹಾಗೆಂದು ಫೋನನ್ನು ಬಾವಿಗೆ ಎಸೆಯಿರಿ ಎನ್ನಲಾರೆ. ಮಾರನೇ ದಿನ ಎಲ್ಲರೂ ಶಿವನಸಮುದ್ರಕ್ಕೆ ಹೋದೆವು. ಗಗನಚುಕ್ಕಿ ತುಂಬಿ ಧುಮುಕುತ್ತಿತ್ತು.

"ಇಲ್ಲಿ ತಯಾರಾದ ಕರೆಂಟು 1902ರಲ್ಲಿ ಮೊದಲು ಯಾವ ಊರಿಗೆ ಹೋಯ್ತು ಹೇಳು" ಅಂದೆ. ಅವಳ ಕೈ ಫೋನಿನ ಕಡೆಗೆ ಹೋಯಿತು.

"ಮೊದಲು ಊಹಿಸು. ಆಮೇಲೆ ನೋಡು."

"ಮಳವಳ್ಳಿ? ಇಲ್ಲೇ ಪಕ್ಕದಲ್ಲಿದೆ."

"ಅಲ್ಲ."

"ಮೈಸೂರು! ಮಹಾರಾಜರಿದ್ರಲ್ಲ?"

"ಅದೂ ಅಲ್ಲ. ಆಗಿನ ಕಾಲದಲ್ಲಿ ಹಗಲೂ ರಾತ್ರಿ ದೊಡ್ಡ ಯಂತ್ರ ಓಡಿಸ್ತಾ, ಕರೆಂಟಿಗೆ ದುಡ್ಡು ಕೊಡೋ ಶಕ್ತಿ ಇದ್ದೋರು ಯಾರು?"

ಐದು ನಿಮಿಷ ನೀರನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಕುಣಿದಳು. "ಚಿನ್ನದ ಗಣಿ! ಕೋಲಾರ!"

ಆಗ ಫೋನು ಕೊಟ್ಟೆ. ಅಷ್ಟು ದೂರಕ್ಕೆ 147 ಕಿಲೋಮೀಟರು ತಂತಿ ಎಳೆದದ್ದನ್ನೂ, ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ ಎಂಬುದನ್ನೂ ಓದಿದಳು. ನೀರು ಚಕ್ರ ತಿರುಗಿಸಿ ವಿದ್ಯುತ್ತಾಗುವ ವಿಡಿಯೊ ನೋಡಿದಳು. ಕಪ್ಪುಹಲಗೆಯ ಮೇಲೆ ನಾನು ಅಷ್ಟು ವರ್ಷ ಬಿಡಿಸಿದ ಚಿತ್ರಗಳು ಅದರ ಮುಂದೆ ಏನೇನೂ ಅಲ್ಲ, ಒಪ್ಪಿಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಫೋನು ಮುಟ್ಟದೆ ಅವರಪ್ಪನಿಗೆ ಎಲ್ಲ ವಿವರಿಸಿದಳು. "ನೂರೈವತ್ತು ಕಿಲೋಮೀಟರ್" ಅಂದವಳು ತಾನೇ ತಡೆದು, "ಅಲ್ಲಲ್ಲ, 147" ಎಂದು ತಿದ್ದಿಕೊಂಡಳು.

ಅವತ್ತು ನಾನೂ ಒಂದು ಪಾಠ ಕಲಿತೆ. ಮಗ್ಗಿ ಬಾಯಿಪಾಠ ಮಾಡಿಸಿದ ನಾನು, ಮಕ್ಕಳಿಗೆ ಹೀಗೆ ಐದು ನಿಮಿಷ ಸುಮ್ಮನೆ ಯೋಚಿಸಲು ಬಿಟ್ಟದ್ದು ಕಡಿಮೆ. ಈಗ ನಮ್ಮಿಬ್ಬರ ಒಪ್ಪಂದ ಇಷ್ಟು: ಮೊದಲು ಊಹಿಸಬೇಕು, ಆಮೇಲೆ ನೋಡಬೇಕು, ಕೊನೆಗೆ ಫೋನು ಮುಚ್ಚಿಟ್ಟು ಒಬ್ಬರಿಗಾದರೂ ಹೇಳಬೇಕು. ಜೊತೆಗೆ ಮನೆಯವರ ನಾಲ್ಕು ನಂಬರು ಇಬ್ಬರಿಗೂ ಬಾಯಿಗೆ ಬರಬೇಕು.

ಕಳೆದ ಭಾನುವಾರ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಯಾರೋ ಏನೋ ಎಂದು ಅನುಮಾನದಿಂದಲೇ ಎತ್ತಿದೆ.

"ತಾತ, ನಾನೇ. ಪಕ್ಕದ ಮನೆ ಆಂಟಿ ಫೋನಿದು. ನಿಮ್ ನಂಬರ್ ನೋಡ್ದೇನೇ ಒತ್ತಿದೆ. ಈಗ ನೀವು ಅಮ್ಮನ ನಂಬರ್ ಹೇಳಿ, ನೋಡೋಣ!"

ಹೇಳಿದೆ. ಹತ್ತೂ ಅಂಕಿ.