ಏನೂ ಆಗದ ಅರ್ಧ ಗಂಟೆ

ಧ್ಯಾನಕ್ಕೆ ಕೂತು ಎದ್ದವರನ್ನು ನಮ್ಮ ಜನ ಸುಮ್ಮನೆ ಬಿಡುವುದಿಲ್ಲ. "ಏನಾದರೂ ಕಾಣಿಸಿತಾ?" ಎಂದು ಕೇಳಿಯೇ ಕೇಳುತ್ತಾರೆ. ಪಾಪ, ಅವರದೇನು ತಪ್ಪು? ಪೌರಾಣಿಕ ಸಿನಿಮಾಗಳಲ್ಲಿ ಋಷಿ ಕೂತ ಎರಡೇ ನಿಮಿಷಕ್ಕೆ ಹುತ್ತ ಬೆಳೆದು, ಹೊಗೆಯೊಳಗಿಂದ ದೇವರು ಬಂದು "ಭಕ್ತಾ, ಮೆಚ್ಚಿದೆ" ಅನ್ನುತ್ತಾನೆ. ನಮಗೆ ಕುಕ್ಕರ್ ಮೂರು ಸಲ ಕೂಗುತ್ತದೆ, ಅಷ್ಟೆ.

ಹೊಸತರಲ್ಲಿ ಹೀಗಿರುವುದಿಲ್ಲ. ಮೈ ಹಗುರ, ಹುಬ್ಬಿನ ನಡುವೆ ಜುಮ್ಮೆನ್ನುವುದು, ಕಾರಣವಿಲ್ಲದೆ ಕಣ್ಣಲ್ಲಿ ನೀರು. ಆಮೇಲೆ ಅದೆಲ್ಲ ನಿಂತು, ಉಸಿರು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬಹಳ ಮಂದಿ ಚಾಪೆ ಸುತ್ತಿಡುವುದು ಈ ಹಂತದಲ್ಲೇ. ಕೆಲವರು ಬಿಡುವುದಿಲ್ಲ, ಆ್ಯಪ್ ಬದಲಿಸುತ್ತಾರೆ. ಇನ್ನು ಕೆಲವರು ಗುರುವನ್ನೇ.

ಸುಮ್ಮನೆ ಕೂರುವುದು ಮನುಷ್ಯನಿಗೆ ಎಷ್ಟು ಕಷ್ಟ ಎಂಬುದಕ್ಕೆ ಒಂದು ಪ್ರಯೋಗವಿದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ್ದು. ಬರಿ ಕೋಣೆಯಲ್ಲಿ 15 ನಿಮಿಷ ಒಬ್ಬರೇ ಕೂರಬೇಕು. ಬೇಕೆನಿಸಿದರೆ ಗುಂಡಿ ಒತ್ತಿ ಶಾಕ್ ಹೊಡೆಸಿಕೊಳ್ಳಬಹುದು. 18 ಗಂಡಸರಲ್ಲಿ 12 ಮಂದಿ ಒತ್ತಿಕೊಂಡರು. 24 ಹೆಂಗಸರಲ್ಲಿ 6 ಮಂದಿ ಮಾತ್ರ. ಇದನ್ನು ಮನೆಯಲ್ಲಿ ಓದಿ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಈಗ ನಮ್ಮ ಜುಮ್ಮೆನ್ನುವಿಕೆಗೆ ಬರೋಣ. ಸದಾನಂದರ 'ವೇದಾಂತಸಾರ' ಸಮಾಧಿಗೆ ನಾಲ್ಕು ವಿಘ್ನಗಳನ್ನು ಹೇಳುತ್ತದೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ಕೊನೆಯದನ್ನು ನೋಡಿ. ಧ್ಯಾನದಲ್ಲಿ ಸಿಕ್ಕ ಸುಖವನ್ನು ಚಪ್ಪರಿಸುತ್ತ ಕೂರುವುದೂ ವಿಘ್ನವಂತೆ! ನಾವು "ಹೋಯಿತಲ್ಲಾ" ಎಂದು ಕೊರಗುತ್ತಿರುವುದು ಅದನ್ನೇ.

ಹಾಗೆಂದು ಏನೂ ಆಗದಿದ್ದರೆ ಸರಿ ಎಂದು ಬೀಗುವಂತೆಯೂ ಇಲ್ಲ, ಏಕೆಂದರೆ ಪಟ್ಟಿಯಲ್ಲಿ ಮೊದಲು ನಿಂತಿರುವುದು ಲಯ, ಅಂದರೆ ಜೋಂಪು. ಅರ್ಧ ಗಂಟೆ ಐದೇ ನಿಮಿಷದಂತೆ ಕಳೆದು, ಗಲ್ಲ ಎದೆಗೆ ತಾಗಿ, ಎದ್ದಮೇಲೆ "ಇವತ್ತು ಆಳಕ್ಕೆ ಹೋಗಿದ್ದೆ" ಅನಿಸಿದರೆ, ಹೋದದ್ದು ನಿದ್ದೆಗೆ. ಜಪಾನಿನ ಝೆನ್ ಮಂದಿರಗಳಲ್ಲಿ ಇದಕ್ಕೆ ಮದ್ದಿದೆ: ಚಪ್ಪಟೆ ಕೋಲಿನಿಂದ ಹೆಗಲ ಮೇಲೆ ಒಂದು ಪೆಟ್ಟು. ಕೋಲಿಲ್ಲದವರು ಮುಖ ತೊಳೆದು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರೆ ತೆರೆದು ಕೂರಬಹುದು. ಊಟವಾದ ಕೂಡಲೇ ಕೂರದಿದ್ದರೆ ಅರ್ಧ ಕೆಲಸ ಆದಂತೆಯೇ. ಇನ್ನೊಂದು ಬಗೆಯ 'ಏನೂ ಆಗಲಿಲ್ಲ' ಇದೆ. ಕುಕ್ಕರಿನ ಮೂರೂ ಕೂಗು ಸ್ಪಷ್ಟವಾಗಿ ಕೇಳಿವೆ, ಮನಸ್ಸು ಜಾರಿದ್ದು ಗೊತ್ತಾಗಿದೆ, ಮರಳಿದ್ದೂ ಗೊತ್ತಾಗಿದೆ. ಬೇಸರವಾಗಿದೆ, ಆದರೆ ಎಚ್ಚರವಿದೆ. ಇದು ಅಪ್ಪಟ ಧ್ಯಾನ.

ಇದನ್ನು ಆಳವಾಗಿಸುವ ದಾರಿ ವಿಪಶ್ಯನದವರಿಗೆ ಗೊತ್ತು. ಆ ಧ್ಯಾನಪದ್ಧತಿಯ ಗುರು ಗೋಯೆಂಕಾ 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದ ಹತ್ತು ದಿನದ ಶಿಬಿರದಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯುತ್ತದೆ. ಮಾತಿಲ್ಲ, ಪುಸ್ತಕವಿಲ್ಲ, ಮೊಬೈಲಂತೂ ಇಲ್ಲವೇ ಇಲ್ಲ. ಮೊದಲ ಮೂರು ದಿನ ಉಸಿರು ನೋಡುವುದೊಂದೇ ಕೆಲಸ. ಬೇಜಾರಾಯಿತೆಂದು ಹೊಸದೇನನ್ನೂ ಕೊಡುವುದಿಲ್ಲ. ನೋಡುವ ಜಾಗವನ್ನೇ ಕಿರಿದು ಮಾಡುತ್ತಾರೆ. ಮೊದಲು ಇಡೀ ಮೂಗು, ಕೊನೆಗೆ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲಿನ ಚೂರು ಜಾಗ. ನಮ್ಮ ಮನೆಯ ಚಾಪೆಯ ಮೇಲೂ ಇದು ನಡೆಯುತ್ತದೆ. ಈಗ ಯಾವ ಹೊಳ್ಳೆಯಲ್ಲಿ ಉಸಿರು ಹೆಚ್ಚು? ಒಳಬರುವುದು ತಣ್ಣಗೆ, ಹೊರಹೋಗುವುದು ಬೆಚ್ಚಗೆ; ಎರಡರ ನಡುವೆ ಒಂದು ಚಿಕ್ಕ ನಿಲುಗಡೆ ಇದೆಯಲ್ಲ, ಅದು ಎಲ್ಲಿ ಶುರುವಾಗುತ್ತದೆ? ಇಷ್ಟು ಹತ್ತಿರದಿಂದ ನೋಡುವವರಿಗೆ ಬೇಸರಪಡಲು ಪುರುಸೊತ್ತೇ ಸಿಗುವುದಿಲ್ಲ.

ಇಷ್ಟಾದರೂ ಫಲ ಬೇಕೇ ಬೇಕು ಎನ್ನುವವರು ಅದನ್ನು ಚಾಪೆಯ ಮೇಲೆ ಹುಡುಕಬೇಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಿಂದಿನವನು ಹಾರ್ನ್ ಒತ್ತಿದಾಗ ನಿಮ್ಮ ಬಾಯಿಂದ ಏನು ಬರುತ್ತದೆ, ಗಮನಿಸಿ. ಅಥವಾ ಮನೆಯವರನ್ನು ಕೇಳಿ. ಆದರೆ ಆರು ತಿಂಗಳಿಗೊಮ್ಮೆ ಮಾತ್ರ. ದಿನಾ ಕೇಳಿದರೆ ಸಿಗುವ ಉತ್ತರವೇ ಬೇರೆ.