ಒಳಗಿನದೆಲ್ಲ ಕಾಣುವ ಹಿಡಿಕೆ

ಹುಬ್ಬಳ್ಳಿಯಲ್ಲಿ ಅಂಗಡಿ ಬೋರ್ಡು ಮಾಡುವವರ ಮೂಲೆಯಲ್ಲಿ ಅಕ್ರಿಲಿಕ್ ತುಂಡುಗಳು ಬಿದ್ದಿರುತ್ತವೆ. ಕೈಚೀಲದಲ್ಲಿ ನಾಲ್ಕು ಹಾಕಿಕೊಂಡು ಚಿಗರಿ ಬಸ್ ಹತ್ತಿ ನವನಗರದಲ್ಲಿ ಇಳಿದರೆ ನನ್ನ ಭಾನುವಾರಕ್ಕೆ ಬೇರೇನೂ ಬೇಡ. ನಾನು ಮಾಡುವ ಚಾಕುವಿನ ಅಲಗು ಹಳೆಯ ಪವರ್ ಹ್ಯಾಕ್ಸಾ ಬ್ಲೇಡಿನದು, ಅದಕ್ಕೆ ಸಾಣೆ ಹಿಡಿಯುವವರು ಬೇರೆ. ನನ್ನ ಮೋಹವೆಲ್ಲ ಹಿಡಿಕೆಯದು.

ತೇಗ, ಬೀಟೆ ಚೆಂದವೇ. ಆದರೆ ಕಟ್ಟಿಗೆ ಗುಟ್ಟು ಕಾಯುತ್ತದೆ, ಅದರಡಿ ಅಂಟನ್ನು ಹೇಗೆ ಮೆತ್ತಿದ್ದರೂ ಯಾರಿಗೂ ತಿಳಿಯದು. ತಿಳಿ ಅಕ್ರಿಲಿಕ್ ಚಾಡಿಕೋರ. ಅರಾಲ್ಡೈಟಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ, ಅಲಗಿನ ಬುಡದ ತುಕ್ಕು, ಹಿತ್ತಾಳೆ ರಿವೆಟ್ಟಿನ ಸೊಟ್ಟ, ಎಲ್ಲವನ್ನೂ ಹೇಳಿಬಿಡುತ್ತದೆ. ವಿಚಿತ್ರವೆಂದರೆ, ಅಂಟು ಹಿಡಿಯಲೆಂದು ಒರಟಾಗಿಸಿದ ಒಳಮೈ ಮಾತ್ರ ಅಂಟು ಗೀರುಗಳನ್ನು ತುಂಬಿದೊಡನೆ ಮತ್ತೆ ತಿಳಿಯಾಗುತ್ತದೆ.

ಇದಕ್ಕೆ ಬಿಸಿ ಆಗದು. ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುವ ವಸ್ತು. ಡ್ರಿಲ್ ಓಡಿಸಿದರೆ ಹೊಟ್ಟು ಕರಗಿ ಬಿಟ್ಟನ್ನೇ ಕಚ್ಚಿಕೊಳ್ಳುತ್ತದೆ. ನಿಧಾನ ತಿರುಗಿಸಬೇಕು, ಆಗಾಗ ಮೇಲೆತ್ತಬೇಕು. ಕಾನಸಿನಿಂದ ಆಕಾರ ಬಂದ ಮೇಲೆ ನೀರು ಹಚ್ಚಿ ಪಾಲಿಶ್ ಪೇಪರ್: 220, 400, 600, 1000, 2000. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಅಡ್ಡ ಬದಲಿಸಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ಕಾಣುತ್ತದೆ. ಅಲಗಿನ ಕಡೆಯ ಅಂಚನ್ನು ಅಂಟಿಸುವ ಮೊದಲೇ ಮುಗಿಸಬೇಕು. ಆಮೇಲೆ ಅಲ್ಲಿ ಕಾಗದ ಆಡಿಸಿದರೆ ಅಲಗಿಗೇ ಗೀರು. ಒರೆಸಲು ಸ್ಪಿರಿಟ್ ಬೇಡವೇ ಬೇಡ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೋಪಿನ ನೀರು ಸಾಕು. ಇಷ್ಟೂ ಹೊತ್ತು ಹಿಡಿಕೆ ಮಂಕಾಗಿಯೇ ಇರುತ್ತದೆ. ಕೊನೆಗೆ ಮೆತ್ತನೆ ಬಟ್ಟೆಗೆ ಬ್ರಾಸೊ ಹಚ್ಚಿ ತಿಕ್ಕುವಾಗ ರಿವೆಟ್ಟು ಒಳಗಿನಿಂದ ಫಳ್ಳನೆ ಹೊಳೆಯುತ್ತದಲ್ಲ, ಆ ಗಳಿಗೆಗೆ ನಾನು ಊಟಕ್ಕೆ ಕರೆದರೂ ಏಳುವವನಲ್ಲ.

ಯುದ್ಧಕಾಲದ ವಿಮಾನಗಳ ಗೂಡಿಗೆ ಹಾಕುತ್ತಿದ್ದದ್ದೂ ಇದೇ ಅಕ್ರಿಲಿಕ್. ಅದರ ಚೂರು ಪೈಲಟ್‌ಗಳ ಕಣ್ಣಿನಲ್ಲಿ ಉಳಿದರೂ ಕಣ್ಣು ಕೆರಳದ್ದನ್ನು ಗಮನಿಸಿದ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಅದರದೇ ಮಸೂರವನ್ನು ರೋಗಿಯ ಕಣ್ಣೊಳಗೆ ಕೂರಿಸಿದ. ಪೊರೆ ತೆಗೆದಾಗ ಹಾಕುವ ಮಸೂರಗಳ ವಂಶ ಅಲ್ಲಿಂದ ಶುರು. ನಮ್ಮ ಅವ್ವನ ಕಣ್ಣಲ್ಲೂ ಆ ವಂಶದ್ದೊಂದಿದೆ, ಹಾಗಾಗಿ ಗುಳ್ಳೆ ಹುಡುಕುವುದರಲ್ಲಿ ನನಗಿಂತ ಅವಳೇ ಚುರುಕು.

ಅಮರಗೋಳದ ಎಪಿಎಂಸಿಯಿಂದ ತಂದ ಉಳ್ಳಾಗಡ್ಡಿ ಹೆಚ್ಚಿ ನೋಡಿ ಅವಳು ಕೊಟ್ಟ ತೀರ್ಪು ಬೇರೆಯೇ: “ನೋಡಾಕ ಛಂದೈತಿ ಖರೆ, ಕೈ ಹಸಿ ಇದ್ರ ಜಾರ್ತೈತಲ್ಲೋ!” ಅದಕ್ಕೇ ಈಗ ಬೆರಳು ಕೂರುವ ಕೆಳಗಿನ ಅಂಚನ್ನು 400ಕ್ಕೇ ನಿಲ್ಲಿಸುತ್ತೇನೆ. 2000 ಏನಿದ್ದರೂ ಎರಡು ಬದಿಗೆ.